ಸೊಸೆಗೆ ಗೊತ್ತಿರುತ್ತದೆ, ಡಾಕ್ಟರ ಮುಂದೆ ಕೂರುವವರು ಬೇರೆ

ನಲವತ್ತು ವರ್ಷ ಕೈಯಳತೆಯಲ್ಲೇ ಚಟ್ನಿಪುಡಿ ಮಾಡಿದ ಅಜ್ಜಿ ಈ ಸಲ ಶೇಂಗಾ ಹುರಿದಿಟ್ಟು, ಮುಂದೇನು ಹಾಕಬೇಕೆಂದು ತೋಚದೆ ಸುಮ್ಮನೆ ನಿಂತುಬಿಡುತ್ತಾರೆ. ದಾವಣಗೆರೆ ಮಂಡಿಪೇಟೆಯ ಅಂಗಡಿಯಲ್ಲಿ ಯಜಮಾನರು ಒಂದೇ ಉದ್ರಿಯನ್ನು ಎರಡು ಸಲ ಬರೆದು, ಇಪ್ಪತ್ತು ವರ್ಷದ ಗಿರಾಕಿಯ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಮೊದಲನೆಯದನ್ನು ನೋಡಿದವಳು ಸೊಸೆ. ಎರಡನೆಯದನ್ನು ನೋಡಿದವನು ಅಂಗಡಿಯ ಹುಡುಗ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಡಾಕ್ಟರ ಮುಂದೆ ಹೋಗಿ ಕೂರುವವನು ಮಾತ್ರ ಹಿರಿಮಗ. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತಕ್ಕೆ ಬರುವವನು. ‘ಸ್ವಲ್ಪ ಮರವು ಸಾರ್, ಊಟ ನಿದ್ದಿ ಎಲ್ಲ ಚೆನ್ನಾಗೈತಿ’ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಕಂಡದ್ದೇ ಅಷ್ಟು.

ನೆನಪು, ಯೋಚನೆ, ನಡತೆ ಕೆಡುತ್ತಾ ದಿನದ ಬದುಕೇ ತಪ್ಪುವ ಮಿದುಳಿನ ಕಾಯಿಲೆ ಡಿಮೆನ್ಷಿಯಾ. ಅದು ಬೇಗ ಪತ್ತೆಯಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಪತ್ತೆಗೆ ಬೇಕಾದ ಸಾಕ್ಷಿ ಇರುವುದು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಗಲ್ಲಾಪೆಟ್ಟಿಗೆಯ ಬಳಿ. ಅದು ಡಾಕ್ಟರ ಮೇಜಿನವರೆಗೆ ತಲುಪುವುದಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಸ್ಕ್ಯಾನಿಂಗ್ ಯಂತ್ರ ಇಲ್ಲದೆ ತಡವಾದ ಪ್ರಕರಣಗಳಿಗಿಂತ, ನೋಡಿದವರ ಮಾತು ಒಳಗೇ ಉಳಿದು ತಡವಾದವೇ ಹೆಚ್ಚು ಎಂದು ನಮ್ಮ ನಂಬಿಕೆ.

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ಇಷ್ಟನ್ನೂ ಒಂದೇ ಏಟಿಗೆ ಮುಚ್ಚಿಹಾಕುತ್ತದೆ. ಆ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹಾಗಾದರೆ ನೂರರಲ್ಲಿ ತೊಂಬತ್ತೆರಡು ಮಂದಿಗೆ ಇಲ್ಲ. ವಯಸ್ಸೇ ಕಾರಣವಾಗಿದ್ದರೆ ಆ ತೊಂಬತ್ತೆರಡು ಮಂದಿಗೂ ಬರಬೇಕಿತ್ತಲ್ಲ?

ವಯಸ್ಸಿನ ಮರೆವಿಗೂ ರೋಗದ ಮರೆವಿಗೂ ಇರುವ ಅಂತರವನ್ನು ಒಂದು ಮದುವೆಯಿಂದ ತಿಳಿಯಬಹುದು. ಬೀಗರ ಮದುವೆಗೆ ಎಷ್ಟು ಮುಯ್ಯಿ ಮಾಡಿದೆವು ಎಂಬುದು ಮರೆತು ಹೋಗುವುದು, ಯಾರಾದರೂ ನೆನಪಿಸಿದರೆ ‘ಹೌದಲ್ಲ, ಐನೂರ ಒಂದು’ ಎನ್ನುವುದು ಎಲ್ಲರಿಗೂ ಆಗುವಂಥದ್ದು. ಹೋದ ವಾರ ಮದುವೆಗೆ ಹೋಗಿದ್ದೇ ಮರೆತು, ಫೋಟೊ ತೋರಿಸಿದರೂ ನೆನಪು ಮರಳದೆ, ಒಂದು ಗಂಟೆಯಲ್ಲಿ ಮೂರು ಸಲ ‘ಅವರ ಮನೇಲಿ ಮದ್ವೆ ಯಾವಾಗ?’ ಎಂದು ಕೇಳುವುದು ಬೇರೆಯೇ ಸಂಗತಿ. ಎಳೆ ಹಿಡಿದುಕೊಟ್ಟರೂ ನೆನಪು ಬರುತ್ತದೆಯೇ ಇಲ್ಲವೇ ಎಂಬುದನ್ನು ಗಮನಿಸಬೇಕು.

ಎಲ್ಲವೂ ಮರೆವಿನಿಂದಲೇ ಶುರುವಾಗುವುದಿಲ್ಲ ಎಂಬುದು ಇನ್ನೊಂದು ತೊಡಕು. ಮಿದುಳಿನ ಮುಂಭಾಗ ಸವೆಯುವ ಫ್ರಾಂಟೊಟೆಂಪೊರಲ್ ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಗಟ್ಟಿಯಾಗೇ ಇದ್ದು, ನಡತೆ ಕೆಡುತ್ತದೆ. ಸಂಕೋಚದ ಮನುಷ್ಯ ಬೀಗರ ಎದುರೇ ಒರಟು ಮಾತಾಡುತ್ತಾರೆ, ಸಿಹಿ ಕಂಡರೆ ಬಿಡುವುದಿಲ್ಲ, ಹೆಂಡತಿಗೆ ಜ್ವರ ಬಂದು ಮಲಗಿದ್ದರೂ ತಿರುಗಿ ನೋಡುವುದಿಲ್ಲ. ಇದು ಸಾಮಾನ್ಯವಾಗಿ 45ರಿಂದ 65ರ ನಡುವೆ ಬರುವುದರಿಂದ ಯಾರಿಗೂ ಡಿಮೆನ್ಷಿಯಾ ನೆನಪಾಗದು. ‘ಸೊಕ್ಕು’, ‘ಕುಡಿತ’ ಎಂದೇ ಹೆಸರಾಗುತ್ತದೆ. ಲೆವಿ ಬಾಡಿ ಬಗೆಯಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಟ್ಟಿದಂತೆ ಕಾಣುತ್ತವೆ, ನಡಿಗೆ ನಿಧಾನವಾಗುತ್ತದೆ, ರಾತ್ರಿ ಕನಸಿನಲ್ಲಿ ಕೈಕಾಲು ಬಡಿಯುತ್ತಾರೆ. ‘ಗಾಳಿ ಸೋಕೈತಿ’ ಎಂದು ತಾಯಿತ ಕಟ್ಟಿಸಿ ಆರು ತಿಂಗಳು ಕಳೆದಿರುತ್ತದೆ. ತಾಯಿತದಿಂದ ಕೇಡಿಲ್ಲ. ಆಮೇಲೆ ಯಾರೋ ಭ್ರಮೆ ಅಡಗಿಸಲೆಂದು ಹ್ಯಾಲೊಪೆರಿಡಾಲ್‌ನಂಥ ಮಾತ್ರೆ ಕೊಟ್ಟುಬಿಟ್ಟರೆ ಕಷ್ಟ. ಈ ಬಗೆಯ ರೋಗಿಗಳಲ್ಲಿ ಅದು ಮೈ ಸೆಟೆಸಿ ಜೀವಕ್ಕೇ ಎರವಾಗಬಲ್ಲದು. ಯಾವ ಬಗೆ ಎಂದು ಮೊದಲೇ ಗೊತ್ತಿರುವುದರ ಬೆಲೆ ಇಲ್ಲಿ ನೇರವಾಗಿ ಕಾಣುತ್ತದೆ.

ಕೂಡುಕುಟುಂಬ ಹಿರಿಯರನ್ನು ಕಾಪಾಡುತ್ತದೆ, ಹಾಗೆ ಕಾಪಾಡುತ್ತಲೇ ರೋಗವನ್ನೂ ಬಚ್ಚಿಡುತ್ತದೆ. ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಸೊಸೆ ಮಾತಿಲ್ಲದೆ ಒಲೆಯ ಕೆಲಸ ತಾನೇ ವಹಿಸಿಕೊಳ್ಳುತ್ತಾಳೆ. ಬ್ಯಾಂಕಿಗೆ ಮೊಮ್ಮಗ ಹೋಗುತ್ತಾನೆ. ಗೊಬ್ಬರದ ಲೆಕ್ಕ ತಮ್ಮ ನೋಡುತ್ತಾನೆ. ಹೀಗೆ ಒಂದೊಂದೇ ಕೆಲಸ ಕೈಬಿಟ್ಟ ಮೇಲೆ ತಪ್ಪಲು ಏನೂ ಉಳಿದಿರುವುದಿಲ್ಲ. ಪ್ರಶ್ನೆ ಕೇಳಿದರೆ ಹಿರಿಯರು ಉತ್ತರಕ್ಕಾಗಿ ಹೆಂಡತಿಯ ಕಡೆ ಕತ್ತು ತಿರುಗಿಸುತ್ತಾರೆ, ಆಕೆ ಹೇಳಿಬಿಡುತ್ತಾರೆ. ಅನುಭವಿ ವೈದ್ಯರು ಉತ್ತರಕ್ಕಿಂತ ಮೊದಲು ಆ ಕತ್ತಿನ ತಿರುವನ್ನೇ ಗಮನಿಸುತ್ತಾರೆ. ಹೆಂಡತಿ ತೀರಿಕೊಂಡಾಗ, ಅಥವಾ ಮಗನ ಮನೆಯೆಂದು ಬೆಂಗಳೂರಿಗೆ ಹೋಗಿ ಬಚ್ಚಲು ಯಾವ ಕಡೆ ಎಂದು ರಾತ್ರಿ ತಡಕಾಡಿದಾಗ, ಎಲ್ಲ ಒಮ್ಮೆಲೇ ಬಯಲಾಗುತ್ತದೆ. ‘ಬೆಂಗ್ಳೂರಿಗೆ ಹೋದ ಮ್ಯಾಲೆ ಶುರುವಾತು’ ಎನ್ನುತ್ತಾರೆ. ಶುರುವಾದದ್ದು ಬಹಳ ಹಿಂದೆ. ಬೆಂಗಳೂರಿನಲ್ಲಿ ಆಸರೆ ತಪ್ಪಿತು ಅಷ್ಟೆ.

ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ಮಾಡಬೇಕಾದ ಕೆಲಸ ಮನೆಯಲ್ಲಿದೆ. ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು, ದಿನವಿಡೀ ಜೊತೆಗಿರುವವರು ಮೂರು ವಾರ ಬರೆಯಲಿ. ‘ಮರೆವು ಜಾಸ್ತಿ’ ಎಂದು ಬರೆದರೆ ಉಪಯೋಗವಿಲ್ಲ. ‘ಮಂಗಳವಾರ ಸಂಜೆ, ದುರ್ಗಾಂಬಿಕೆ ಗುಡಿಯಿಂದ ಬರುವಾಗ ನಮ್ಮ ಓಣಿ ದಾಟಿ ಮುಂದೆ ಹೋದರು, ಪಕ್ಕದವರು ಕರೆತಂದರು’ ಎಂದು ತಾರೀಖು, ಹೊತ್ತು, ಜಾಗ ಸಮೇತ ಬರೆಯಬೇಕು. ಯಾವ ಕೆಲಸ ಮೊದಲು ತಾವೇ ಮಾಡುತ್ತಿದ್ದರು, ಯಾವುದನ್ನು ಈಗ ಯಾರು ಮಾಡುತ್ತಿದ್ದಾರೆ, ಯಾವ ಹಬ್ಬದ ಹೊತ್ತಿಗೆ ಬಿಟ್ಟರು ಎಂಬುದು ಬಹಳ ಮುಖ್ಯ. ವೈದ್ಯರು ಬಳಸುವ ಎಂಟು ಪ್ರಶ್ನೆಗಳ ಒಂದು ಚಿಕ್ಕ ಪಟ್ಟಿ ಇದೆ, ಎಡಿ-8 ಎಂದು ಹೆಸರು. ತೀರ್ಮಾನ ತೆಗೆದುಕೊಳ್ಳುವುದು, ಹವ್ಯಾಸದಲ್ಲಿ ಆಸಕ್ತಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ಹೊಸ ಉಪಕರಣ ಕಲಿಯುವುದು, ತಿಂಗಳು-ವರ್ಷದ ಅರಿವು, ಹಣಕಾಸು, ಗೊತ್ತಾದ ಸಮಯಕ್ಕೆ ಹೋಗುವುದು, ದಿನವೂ ಇರುವ ಮರೆವು ಇವುಗಳಲ್ಲಿ ‘ಮೊದಲಿಗಿಂತ ಬದಲಾಗಿದೆಯೇ’ ಎಂದಷ್ಟೇ ಅದು ಕೇಳುತ್ತದೆ. ಎರಡಕ್ಕೋ ಹೆಚ್ಚಿಗೋ ಹೌದು ಎಂದರೆ ಮುಂದಿನ ತಪಾಸಣೆ ಬೇಕು. ಮನುಷ್ಯನನ್ನು ಅವನ ನಿನ್ನೆಯ ಜೊತೆಗೇ ಹೋಲಿಸುವುದರಿಂದ ಶಾಲೆಗೆ ಹೋದವರೋ ಇಲ್ಲವೋ ಎಂಬುದು ಇಲ್ಲಿ ಅಡ್ಡ ಬರುವುದಿಲ್ಲ.

ನೋಟ್‌ಬುಕ್ಕಿನ ಜೊತೆ ಗುಳಿಗೆಗಳ ಚೀಲವೂ ಬರಬೇಕು. ಚೀಟಿಯೊಂದೇ ಸಾಲದು, ಮನೆಯಲ್ಲಿರುವ ಎಲ್ಲ ಗುಳಿಗೆ ಸ್ಟ್ರಿಪ್‌ಗಳನ್ನೂ ತನ್ನಿ. ಶುಗರ್ ಕಾಲಿನ ಉರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಕೊಟ್ಟ ಟ್ರೈಹೆಕ್ಸಿಫೆನಿಡಿಲ್, ನಿದ್ದೆಗೆಂದು ವರ್ಷಗಟ್ಟಲೆ ನುಂಗುವ ಅಲ್ಪ್ರಜೋಲಾಮ್, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್, ಇವೆಲ್ಲ ವಯಸ್ಸಾದವರ ಮಂಡೆಯನ್ನು ಮಬ್ಬು ಮಾಡುತ್ತವೆ. ಬಿಪಿಗೆ ಕೊಡುವ ಕೆಲವು ನೀರಿನ ಗುಳಿಗೆಗಳು ರಕ್ತದ ಸೋಡಿಯಂ ಇಳಿಸಿ ಗೊಂದಲ ಹುಟ್ಟಿಸುತ್ತವೆ. ಆದರೆ ಯಾವುದನ್ನೂ ಮನೆಯಲ್ಲೇ ತಟ್ಟನೆ ನಿಲ್ಲಿಸಬಾರದು. ಅದರಲ್ಲೂ ನಿದ್ದೆಗುಳಿಗೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಕಡಿಮೆ ಮಾಡುವ ಕ್ರಮವನ್ನು ವೈದ್ಯರೇ ಹೇಳಬೇಕು.

ಒಂದೆರಡು ದಿನದಲ್ಲೇ ಬುದ್ಧಿ ಕಲಕಿದಂತಾಗಿ, ದಿನದಲ್ಲಿ ಒಮ್ಮೆ ಸರಿ ಒಮ್ಮೆ ಕೆಟ್ಟು, ತೂಕಡಿಕೆ ಅಥವಾ ಹಾರಾಟ ಇದ್ದರೆ ಅದನ್ನು ಡಿಮೆನ್ಷಿಯಾ ಎಂದುಕೊಂಡು ಕೂರಬೇಡಿ. ಅದು ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿದದ್ದು, ಸೋಡಿಯಂ ಕುಸಿದದ್ದು, ಆಪರೇಷನ್ನಿನ ನಂತರದ ದಿನಗಳು, ಹೀಗೆ ಕಾರಣ ಏನೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಿಧಾನವಾಗಿ ಬಂದ ಮರೆವಿಗೆ ಮೊದಲ ಸುತ್ತಿನ ರಕ್ತಪರೀಕ್ಷೆಗಳು ದಾವಣಗೆರೆ, ಚಿತ್ರದುರ್ಗ ಎರಡು ಕಡೆಯೂ ಆಗುವಂಥವು: ಹಿಮೋಗ್ಲೋಬಿನ್ ಸೇರಿದ ಪೂರ್ಣ ರಕ್ತಕಣ ಎಣಿಕೆ, ಸಕ್ಕರೆ, ಸೋಡಿಯಂ, ಕ್ರಿಯಾಟಿನಿನ್, ಯಕೃತ್ತು, ಕ್ಯಾಲ್ಸಿಯಂ, ಥೈರಾಯ್ಡ್‌ನ ಟಿಎಸ್‌ಎಚ್, ಬಿ-12. ವೈದ್ಯರು ಎಚ್‌ಐವಿ, ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ಕೂಡ ಬರೆದರೆ ಮುಜುಗರ ಬೇಡ, ಅವೂ ಕ್ರಮದ ಭಾಗವೇ. ಈ ಸೀಮೆಯಲ್ಲಿ ಬಿ-12ರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಾಂಸ-ಮೊಟ್ಟೆ ಮುಟ್ಟದ ಮನೆಗಳು ಇಲ್ಲಿ ಬಹಳ. ಅದರ ಮೇಲೆ ಹತ್ತು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್, ಬೆಳಗಾದರೆ ಒಂದು ಗ್ಯಾಸ್ ಗುಳಿಗೆ. ಎರಡೂ ಬಿ-12 ಮೈಗೆ ಹತ್ತದಂತೆ ತಡೆಯುತ್ತವೆ. ಮೂರೂ ಸೇರಿದ ಮನುಷ್ಯನಲ್ಲಿ ಕೊರತೆ ಇರುವ ಸಾಧ್ಯತೆ ಏರುತ್ತದೆ. ಎಡವಟ್ಟಾಗುವುದು ಎಲ್ಲಿ ಎಂದರೆ, ಸುಸ್ತು ಎಂದು ಹೋದಾಗ ಊರಿನ ಕ್ಲಿನಿಕ್ಕಿನಲ್ಲಿ ‘ಶಕ್ತಿ ಇಂಜೆಕ್ಷನ್’ ಎಂದು ಬಿ-12 ಚುಚ್ಚಿಬಿಟ್ಟಿರುತ್ತಾರೆ. ಆಮೇಲೆ ರಕ್ತ ಕೊಟ್ಟರೆ ಅಂಕಿ ಆಕಾಶದಲ್ಲಿರುತ್ತದೆ, ‘ಬಿ-12 ಚೆನ್ನಾಗಿದೆ’ ಎಂದು ಆ ಬಾಗಿಲೇ ಮುಚ್ಚಿಹೋಗುತ್ತದೆ. ರಕ್ತ ಮೊದಲು, ಚುಚ್ಚುಮದ್ದು ಆಮೇಲೆ. ಮಿಲಿಲೀಟರಿಗೆ 200 ಪಿಕೊಗ್ರಾಮಿಗಿಂತ ಕಡಿಮೆ ಇದ್ದರೆ ಕೊರತೆ ಸ್ಪಷ್ಟ. 200ರಿಂದ 300ರ ನಡುವೆ ಇದ್ದರೆ ನಾರ್ಮಲ್ ಎಂದು ಬಿಡದೆ ವೈದ್ಯರನ್ನು ಕೇಳಿ.

ಇವುಗಳನ್ನು ಸರಿಪಡಿಸಿದರೆ ನೆನಪು ಪೂರ್ತಿ ಮರಳುವುದು ಅಪರೂಪ ಎಂಬುದನ್ನೂ ಮುಚ್ಚಿಡಬಾರದು. ಬಹಳ ಸಲ ಕೊರತೆಯೂ ಇರುತ್ತದೆ, ಕೆಳಗೆ ಡಿಮೆನ್ಷಿಯಾದ ಎಲ್ಲಕ್ಕಿಂತ ಸಾಮಾನ್ಯ ಬಗೆಯಾದ ಅಲ್ಜೈಮರ್ ಕೂಡ ಶುರುವಾಗಿರುತ್ತದೆ. ಆದರೆ ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ನಂತರ ಮಿದುಳಿನ ಹೊರಪೊರೆಯ ಕೆಳಗೆ ರಕ್ತ ಕಟ್ಟಿಕೊಂಡವರು, ಅದರಲ್ಲೂ ಹೃದಯಕ್ಕೆಂದು ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಎದ್ದು ಕೂರುವುದುಂಟು. ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ತಡೆಯಲಾಗದ ಮೂತ್ರ, ಜೊತೆಗೆ ಮರೆವು, ಈ ಮೂರೂ ಕೂಡಿದರೆ ಮಿದುಳಿನಲ್ಲಿ ನೀರು ತುಂಬಿರಬಹುದು, ಅದಕ್ಕೂ ದಾರಿಯಿದೆ. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿಸುವುದು ಮುಖ್ಯವಾಗಿ ಇಂಥವನ್ನು ಹಿಡಿಯಲು. ‘ವಯಸ್ಸಿಗೆ ತಕ್ಕ ಮಿದುಳು ಸವೆತ’ ಎಂದು ವರದಿಯಲ್ಲಿ ಬಂದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಒಂದು ಸಾಲು ಡಿಮೆನ್ಷಿಯಾ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಆರಂಭದ ಹಂತದಲ್ಲಿ ಸ್ಕ್ಯಾನ್ ಸರಿಯಾಗಿ ಕಾಣಬಹುದು.

ಇನ್ನು ನೆನಪು ಪರೀಕ್ಷಿಸಲು ಡಾಕ್ಟರು ಕೂರಿಸಿ ಕೇಳುವ ಪ್ರಶ್ನೆಗಳು. ಕಿವಿಯ ಗುಗ್ಗೆ ತೆಗೆಸಿ, ಕನ್ನಡಕ ಹಾಕಿಸಿ ಕೂರಿಸಿದ್ದೀರಾ ಎಂಬುದನ್ನು ಮೊದಲು ನೋಡಿ. ಕೇಳಿಸದ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಾರರು. 30 ಅಂಕದ ಹಳೆಯ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯಬೇಕು, ಒಂದು ವಾಕ್ಯ ಬರೆಯಬೇಕು, ಒಂದರೊಳಗೊಂದು ಹೆಣೆದ ಐದು ಮೂಲೆಯ ಎರಡು ಚಿತ್ರ ನಕಲು ಮಾಡಬೇಕು. ಪೆನ್ಸಿಲ್ಲೇ ಹಿಡಿಯದ ಜಗಳೂರಿನ ಕೂಲಿ ಹೆಂಗಸು ಚುರುಕಾಗಿದ್ದೂ ಇದರಲ್ಲಿ ಸೋಲುತ್ತಾಳೆ. ಜೀವನವಿಡೀ ಕೋರ್ಟಿನಲ್ಲಿ ವಾದಿಸಿದ ವಕೀಲರು ರೋಗ ಹೊತ್ತೇ 28 ತೆಗೆದುಕೊಂಡು ಹೊರಬರುತ್ತಾರೆ. ಈ ಕಾರಣಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಐದು ಭಾರತೀಯ ಭಾಷೆಗಳಲ್ಲಿ ಓದು ಬಲ್ಲವರಿಗೂ ಬಾರದವರಿಗೂ ಬೇರೆ ಬೇರೆಯಾಗಿ ಒಗ್ಗಿಸಿದ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ‘ಕನ್ನಡದ ಪರೀಕ್ಷೆ ಮಾಡ್ತೀರಾ ಸಾರ್?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

‘ಇದು ಯಾವ ಜಿಲ್ಲೆ?’ ಎಂಬ ಸಾಮಾನ್ಯ ಪ್ರಶ್ನೆಯೂ ಇಲ್ಲಿ ಅಷ್ಟು ಸಾಮಾನ್ಯವಲ್ಲ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹರಿಹರ, ಜಗಳೂರು, ದಾವಣಗೆರೆ ಚಿತ್ರದುರ್ಗಕ್ಕೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಎಂಬತ್ತರ ಅಜ್ಜ ‘ಚಿತ್ರದುರ್ಗ ಜಿಲ್ಲಾ’ ಎಂದರೆ ಅಂಕ ಕಳೆಯುವ ಮುನ್ನ ಇನ್ನೊಂದು ಪ್ರಶ್ನೆ ಕೇಳಬೇಕು. ‘ಈಗ ಬ್ಯಾರೆ ಆಗೇತಲ್ಲ’ ಎಂದು ತಾವೇ ತಿದ್ದಿಕೊಂಡರೆ ಅದು ಬಾಯಿರೂಢಿ. ಇಪ್ಪತ್ತೈದು ವರ್ಷ ದಾವಣಗೆರೆ ಡಿ.ಸಿ. ಕಚೇರಿಗೆ ಅಲೆದವರು ಹೇಳಿಕೊಟ್ಟರೂ ಒಪ್ಪದಿದ್ದರೆ ಅದು ಸುಳಿವು. ತಾರೀಖು ಗೊತ್ತಿಲ್ಲದ ರೈತರಿಗೆ ‘ಈಗ ಯಾವ ಮಳೆ ನಡೀತಾ ಐತಿ?’ ಎಂದು ಕೇಳಿ ನೋಡಿ. ಆರಿದ್ರಾ ಆಯಿತೇ, ಮಘೆ ಬಂತೇ ಎಂಬುದು ಅವರಿಗೆ ಕ್ಯಾಲೆಂಡರಿಗಿಂತ ಗಟ್ಟಿ. ಅದೂ ತಪ್ಪಿದರೆ ಬರೆದುಕೊಳ್ಳಿ. ಏಳೇಳು ಕಳೆಯುವ ಬದಲು ನೂರು ರೂಪಾಯಿ ಕೊಟ್ಟು ಮೂವತ್ತೈದರ ಮಂಡಕ್ಕಿ-ಮೆಣಸಿನಕಾಯಿ ಕೊಂಡರೆ ಚಿಲ್ಲರೆ ಎಷ್ಟು ಎಂದು ಕೇಳಬಹುದು. ಮನೆಯವರು ಕೇಳುವ ಇಂಥ ಪ್ರಶ್ನೆಗಳಿಂದ ರೋಗ ನಿರ್ಧಾರವಾಗದು, ಆದರೆ ನೋಟ್‌ಬುಕ್ಕಿನಲ್ಲಿ ಅವುಗಳಿಗೊಂದು ಜಾಗವಿದೆ.

ಒಂದೇ ಭೇಟಿಯಲ್ಲಿ ಉತ್ತರ ಸಿಗದಿರಬಹುದು. ಮರೆವು ಪರೀಕ್ಷೆಯಲ್ಲಿ ಕಾಣುತ್ತದೆ, ದಿನದ ಬದುಕು ಇನ್ನೂ ಸ್ವಂತವಾಗಿ ಸಾಗುತ್ತಿದೆ ಎಂಬ ನಡುವಿನ ಸ್ಥಿತಿಯೂ ಇದೆ. ಆರು ತಿಂಗಳಿಂದ ವರ್ಷದೊಳಗೆ ಅದೇ ಪರೀಕ್ಷೆ ಮತ್ತೆ ಮಾಡಿ ಹೋಲಿಸಿದಾಗ ದಾರಿ ತಿಳಿಯುತ್ತದೆ. ‘ಏನೂ ಇಲ್ಲ ಅಂದ್ರು’ ಎಂದು ಫೈಲು ಬೀರುವಿಗೆ ಸೇರಿದರೆ ಆ ಎರಡನೆಯ ಪರೀಕ್ಷೆ ಆಗುವುದೇ ಇಲ್ಲ. ಹೆಚ್ಚಿನ ಮನೆಗಳಲ್ಲಿ ದಾರಿ ತಪ್ಪುವುದು ಇಲ್ಲೇ.

ಎಲ್ಲಿಗೆ ಹೋಗುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರ ತಪಾಸಣೆ ನಡೆಯುತ್ತದೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಆರಂಭಿಸಿತು. ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ದಾರಿ ತೋರಿಸುತ್ತಾರೆ. ನಿಮ್ಹಾನ್ಸ್‌ಗೇ ಹೋಗಬೇಕೆಂದರೆ ರಕ್ತಪರೀಕ್ಷೆ, ಸ್ಕ್ಯಾನ್ ಇಲ್ಲೇ ಮುಗಿಸಿ, ಫಿಲ್ಮು ಸಮೇತ ಒಯ್ಯಿರಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು 260 ಕಿಲೋಮೀಟರ್ ಹೋಗಿ, ಬೆಳಗ್ಗೆ ಸರದಿಯಲ್ಲಿ ನಿಂತ ಹಿರಿಯರು ತಮ್ಮ ನಿಜಸ್ಥಿತಿಗಿಂತ ಬಹಳ ಕೆಟ್ಟದಾಗಿ ಉತ್ತರಿಸುತ್ತಾರೆ. ಹಿಂದಿನ ದಿನ ಹಗಲಿನ ರೈಲಿನಲ್ಲಿ ಹೋಗಿ, ಪರಿಚಿತರ ಮನೆಯಲ್ಲಿ ಮಲಗಿ, ತಿಂಡಿ ತಿನ್ನಿಸಿ ಕರೆದೊಯ್ಯುವುದು ಲೇಸು. ಮಗನ ಜೊತೆ ಸೊಸೆಯೂ ಹೋಗಬೇಕು, ಒಳಕೋಣೆಗೂ ಹೋಗಬೇಕು. ಹಿರಿಯರ ಎದುರು ಹೇಳಲು ಅವಳಿಗೆ ಬಾಯಿ ಬರದು. ಹೇಳಿದರೆ ‘ಮಾವನಿಗೆ ಹುಚ್ಚು ಕಟ್ಟಿದಳು’ ಎಂಬ ಮಾತು ಬರುತ್ತದೆ. ಆ ನೋಟ್‌ಬುಕ್ ಅವಳ ಪರವಾಗಿ ಮಾತಾಡಲಿ.

ಔಷಧಿಯ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಅಲ್ಜೈಮರ್‌ಗೆ ಸಾಮಾನ್ಯವಾಗಿ ಕೊಡುವ ಡೊನೆಪೆಜಿಲ್ ಗುಳಿಗೆಯನ್ನು 5 ಮಿಲಿಗ್ರಾಮಿನಿಂದ ಶುರುಮಾಡಿ, ನಾಲ್ಕರಿಂದ ಆರು ವಾರದ ನಂತರ ಒಗ್ಗಿದರೆ 10ಕ್ಕೆ ಏರಿಸುತ್ತಾರೆ. ವಾಕರಿಕೆ, ಭೇದಿ, ಕೆಟ್ಟ ಕನಸು, ನಾಡಿ ನಿಧಾನವಾಗುವುದು ಅದರ ತೊಂದರೆಗಳು. ಕನಸು ಕಾಡಿದರೆ ಬೆಳಗಿನ ಹೊತ್ತಿಗೆ ಬದಲಿಸುತ್ತಾರೆ, ನಾಡಿ ನಿಧಾನವಿದ್ದರೆ ಇಸಿಜಿ ಬೇಕು. ತಿಂಗಳು ನುಂಗಿಸಿ ‘ನೆನಪು ಬರಲಿಲ್ಲ’ ಎಂದು ನಿಲ್ಲಿಸುವವರೇ ಹೆಚ್ಚು. ಹೋದ ನೆನಪನ್ನು ಅದು ತರುವುದಿಲ್ಲ; ಕೆಲವರಲ್ಲಿ ಇರುವುದನ್ನು ಸ್ವಲ್ಪ ಕಾಲ ಹಿಡಿದಿಡುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್‌ನಂಥ ಹೊಸ ಔಷಧಿಗಳು ಆರಂಭದ ಅಲ್ಜೈಮರ್‌ಗಷ್ಟೇ. ಅಲ್ಲೂ ಲಾಭ ಸಣ್ಣದು, ಮಿದುಳು ಊತ, ರಕ್ತಸ್ರಾವದ ಭಯದಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಸಣ್ಣ ಸಣ್ಣ ಪಾರ್ಶ್ವವಾಯುಗಳಿಂದ ಬಂದ ಮರೆವಿಗೆ ಬಿಪಿ-ಶುಗರ್ ಹತೋಟಿಯೇ ದೊಡ್ಡ ಔಷಧಿ.

ಬೇಗ ಪತ್ತೆಯಾಗುವುದರ ನಿಜವಾದ ಬೆಲೆ ಮನುಷ್ಯ ಇನ್ನೂ ತನ್ನ ಮಾತು ತಾನೇ ಹೇಳಬಲ್ಲ ಕಾಲ ಕೈಯಲ್ಲಿರುವುದು. ಇದರಲ್ಲಿ ಕಾನೂನಿನ ಒಂದು ಮುಳ್ಳಿದೆ. ‘ಜಿಪಿಎ ಮಾಡಿಸಿಟ್ಟಿದೀವಿ, ಚಿಂತೆಯಿಲ್ಲ’ ಎಂದು ಬಹಳ ಮನೆಗಳು ನಂಬಿವೆ. ಜಿಪಿಎ ಎಂದರೆ ತನ್ನ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ. ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಾದಾಗ ಅಧಿಕಾರಪತ್ರವೂ ಬೀಳುತ್ತದೆ. ಯಾವಾಗ ಬೇಕಾಗುತ್ತದೆಯೋ ಆಗಲೇ ಅದು ಇರುವುದಿಲ್ಲ. ಆಮೇಲೆ ಪಾಲಕರ ನೇಮಕಕ್ಕೆ ಕೋರ್ಟಿಗೆ ಅಲೆಯಬೇಕು. ಹಾಗಾಗಿ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡುವುದು, ನಾಮಿನಿ ಸರಿಪಡಿಸುವುದು, ಅಡಿಕೆ ತೋಟವೋ ಗದ್ದೆಯೋ ಯಾರಿಗೆ ಎಂದು ಅವರೇ ಹೇಳಿ ವಿಲ್ ಬರೆಸುವುದು ಮೊದಲೇ ಆಗಬೇಕು. ವಿಲ್‌ಗೆ ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಾಯಿಸಿ, ಅದೇ ದಿನದ ವೈದ್ಯರ ಪ್ರಮಾಣಪತ್ರ ಇಟ್ಟುಕೊಂಡರೆ ನಾಳೆ ತಕರಾರು ಕಡಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ, ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತಾಡಬೇಕು ಎಂದೂ ಬರೆದಿಡಬಹುದು. ಡಿಮೆನ್ಷಿಯಾ ಎಂಬ ಪದ ಬಂದ ದಿನವೇ ಸಹಿಯ ಹಕ್ಕು ಹೋಗುವುದಿಲ್ಲ. ಆ ಹೊತ್ತಿನಲ್ಲಿ ಆ ತೀರ್ಮಾನ ಅರ್ಥವಾಗುತ್ತದೆಯೇ ಎಂಬುದೇ ಪ್ರಶ್ನೆ. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ರೋಗದ ಹೆಸರನ್ನೇ ಹಿಡಿದು ಆಸ್ತಿಗೆ ಕೈಹಾಕುವವರೂ ಮನೆಯೊಳಗೇ ಇರುತ್ತಾರೆ. ಹಿರಿಯರು ಪತ್ತೆಗೆ ಹೆದರುವುದಕ್ಕೆ ಅದೂ ಒಂದು ಕಾರಣ, ಆ ಹೆದರಿಕೆ ಸುಳ್ಳಲ್ಲ.

‘ಅಪ್ಪಾಜಿಗೆ ಹೇಳಬ್ಯಾಡ್ರಿ’ ಎಂದು ಮಗ ಬಾಗಿಲ ಹೊರಗೆ ವೈದ್ಯರ ಕೈ ಹಿಡಿಯುತ್ತಾನೆ. ಪ್ರೀತಿಯಿಂದಲೇ ಹೇಳುವ ಮಾತದು. ಆದರೆ ಮೇಲಿನ ಯಾವ ಕೆಲಸವೂ ಅವರಿಗೆ ಹೇಳದೆ ಆಗುವಂತಿಲ್ಲ. ಅವರನ್ನೇ ಕೇಳಬಹುದು: ‘ಪರೀಕ್ಷೆಯಲ್ಲಿ ಏನು ಬಂತು ಅಂತ ನಿಮಗೇ ಹೇಳ್ಲಾ, ಮಗನಿಗೆ ಹೇಳ್ಲಾ?’ ಕೆಲವರು ಮಗನ ಕಡೆ ಕೈ ತೋರಿಸುತ್ತಾರೆ. ಅದೂ ಅವರದೇ ತೀರ್ಮಾನ. ಹೇಳುವಾಗ ‘ಬುದ್ಧಿಮಾಂದ್ಯ’ ಎಂಬ ಪದ ಬೇಡ, ಅದು ಬೇರೆಯೇ ಸ್ಥಿತಿಯ ಹೆಸರು, ಕೇಳಿದವರ ಎದೆ ಒಡೆಯುತ್ತದೆ. ‘ನೆನಪು ಹಿಡಿಯೋ ಜಾಗಕ್ಕೆ ಕಾಯಿಲೆ ಬಂದೈತಿ, ನಿಮ್ಮ ತಪ್ಪಲ್ಲ, ಹಳೇದು ಬಹಳ ದಿನ ಇರ್ತದೆ, ಹೊಸದು ನಿಲ್ಲೋದು ಕಷ್ಟ’ ಎಂದರೆ ಅರ್ಥವಾಗುತ್ತದೆ. ಎಷ್ಟೋ ಜನ ಅಳುವುದಕ್ಕಿಂತ ಮೊದಲು ‘ನಂಗೂ ಅನ್ನಿಸಿತ್ತು’ ಎನ್ನುತ್ತಾರೆ. ವಾರದ ನಂತರ ‘ಡಾಕ್ಟ್ರು ಏನಂದ್ರು?’ ಎಂದು ಮತ್ತೆ ಕೇಳುತ್ತಾರೆ. ಆಗಲೂ ಅದೇ ಮಾತುಗಳನ್ನೇ, ಅದೇ ಧಾಟಿಯಲ್ಲೇ ಹೇಳಿ. ಆ ದಿನದ ತಾರೀಖು, ಮುಂದಿನ ತಪಾಸಣೆಯ ತಿಂಗಳು, ಯಾರಿಗೆ ಏನು ಬೇಕೆಂದು ಅವರು ಹೇಳಿದ್ದು, ಮೂರನ್ನೂ ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಕೈಯಲ್ಲೇ ಬರೆಸಿಡಿ. ಬರೆಯಲು ಬಾರದಿದ್ದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಸೊಸೆ ಬರೆದುಕೊಳ್ಳಲಿ.